ಕ್ಯಾಮೆರಾದಲ್ಲಿ ನಿಂತವರು ಟಿವಿಯಲ್ಲಿ ಯಾಕೆ ಮಲಗುತ್ತಾರೆ?

ಅಕ್ಕನ ಮಗಳ ನಾಮಕರಣದ ದಿನ ಕ್ಯಾಮೆರಾ ನನ್ನ ಕೊರಳಿಗೆ ಬಿತ್ತು. ಬೆಳಿಗ್ಗೆಯಿಂದ ಸಂಜೆವರೆಗೆ ಸುಮಾರು ನಾನೂರು ಫೋಟೊ ತೆಗೆದೆ. ತೊಟ್ಟಿಲು, ಅದರ ಸುತ್ತ ಸೇರಿದ ಹೆಂಗಸರು, ಊಟದ ಪಂಕ್ತಿ, ಇವೆಲ್ಲ ಅಡ್ಡ ಫೋಟೊ. ಮಗು ಎತ್ತಿಕೊಂಡು ನಿಂತ ಅಜ್ಜಿ, ಬಾಗಿಲ ತೋರಣದ ಕೆಳಗೆ ನಿಂತ ದೊಡ್ಡಪ್ಪ, ಇಂಥವಕ್ಕೆಲ್ಲ ಕ್ಯಾಮೆರಾ ತಿರುಗಿಸಿ ಹಿಡಿದು ಉದ್ದ ಫೋಟೊ. ರಾತ್ರಿ ಲ್ಯಾಪ್‌ಟಾಪಿಗೆ ಇಳಿಸಿ ನೋಡಿದರೆ ಎಲ್ಲವೂ ಸರಿಯಾಗಿಯೇ ಇತ್ತು. ಪೆನ್‌ಡ್ರೈವಿಗೆ ಹಾಕಿ ಹಾಲ್‌ನಲ್ಲಿದ್ದ ಟಿವಿಗೆ ಚುಚ್ಚಿದೆ. ಅಡ್ಡ ಫೋಟೊಗಳು ಚೆನ್ನಾಗಿ ಬಂದವು. ಉದ್ದ ಫೋಟೊ ಬಂದ ಕೂಡಲೇ ಅಜ್ಜಿ ಮಲಗಿದರು. ದೊಡ್ಡಪ್ಪ ಮಲಗಿದರು. ತೋರಣದ ಸಮೇತ ಬಾಗಿಲೂ ಮಲಗಿತು. ಎಲ್ಲರ ತಲೆಯೂ ಬಲಕ್ಕೆ. ಸೋಫಾದ ಮೇಲೆ ಕೂತಿದ್ದವರೆಲ್ಲ ಒಟ್ಟಿಗೆ ಕತ್ತನ್ನು ಬಲಕ್ಕೆ ವಾಲಿಸಿದರು.

ನನಗೆ ಅವಮಾನ. ಮರುದಿನ ಲ್ಯಾಪ್‌ಟಾಪಿನಲ್ಲಿ ಎಂದೋ ಹಾಕಿಕೊಂಡಿದ್ದ ಒಂದು ಹಳೇ ಪ್ರೋಗ್ರಾಂ ತೆರೆದೆ. ಅದರಲ್ಲಿಯೂ ಉದ್ದ ಫೋಟೊಗಳು ಮಲಗಿಯೇ ಕಂಡವು. ಸರಿ, ಎಲ್ಲವನ್ನೂ ಒಟ್ಟಿಗೆ ಆರಿಸಿ ಎಡಕ್ಕೆ ಕಾಲು ಸುತ್ತು ತಿರುಗಿಸಿ ಸೇವ್ ಮಾಡಿದೆ. ಟಿವಿಯಲ್ಲಿ ಈಗ ಅಜ್ಜಿ ಎದ್ದು ನಿಂತರು. ಗೆದ್ದೆ ಅಂದುಕೊಂಡು ಅದೇ ಫೈಲುಗಳನ್ನು ಅಕ್ಕನ ಫೋನಿಗೂ ಹಾಕಿಕೊಟ್ಟೆ. ಅರ್ಧ ಗಂಟೆಯಲ್ಲಿ ಅಕ್ಕನ ಫೋನು ಬಂತು: "ಎಲ್ಲರನ್ನೂ ಮಲಗಿಸಿದ್ದೀಯಲ್ಲೋ!" ನೋಡಿದರೆ ಹೌದು. ನಿನ್ನೆ ಬಲಕ್ಕೆ ತಲೆ ಹಾಕಿದ್ದವರು ಇವತ್ತು ಎಡಕ್ಕೆ ತಲೆ ಹಾಕಿ ಮಲಗಿದ್ದರು. ನಿನ್ನೆ ಸರಿಯಿದ್ದ ಲ್ಯಾಪ್‌ಟಾಪಿನಲ್ಲೂ ಅದೇ ಕಥೆ.

ಒಂದೇ ಫೈಲು, ಒಂದು ಕಡೆ ನಿಲ್ಲುತ್ತದೆ, ಇನ್ನೊಂದು ಕಡೆ ಮಲಗುತ್ತದೆ. ಸರಿ ಮಾಡಲು ಹೋದರೆ ಆಚೆಯದು ಕೆಡುತ್ತದೆ. ಇದು ಟಿವಿಯ ತಪ್ಪೋ, ಫೋನಿನ ತಪ್ಪೋ, ನನ್ನ ತಪ್ಪೋ? ಉತ್ತರಕ್ಕೆ ಕ್ಯಾಮೆರಾದ ಒಳಗಿನಿಂದಲೇ ಶುರು ಮಾಡಬೇಕು.

ರೀಲ್ ಕ್ಯಾಮೆರಾ ಕಾಲದಲ್ಲಿ ಈ ತಲೆನೋವೇ ಇರಲಿಲ್ಲ. 35 ಎಂಎಂ ರೀಲಿನ ಪ್ರತಿ ಚೌಕಟ್ಟೂ 36 ಮಿಲಿಮೀಟರ್ ಅಗಲ, 24 ಮಿಲಿಮೀಟರ್ ಎತ್ತರ. ಕ್ಯಾಮೆರಾ ತಿರುಗಿಸಿ ಹಿಡಿದರೂ ರೀಲಿನ ಮೇಲೆ ಬೀಳುತ್ತಿದ್ದದ್ದು ಅದೇ ಅಡ್ಡ ಚೌಕಟ್ಟು, ಒಳಗಿನ ಮನುಷ್ಯ ಮಾತ್ರ ಮಲಗಿರುತ್ತಿದ್ದ. ಯಾರಿಗೂ ಏನೂ ಅನ್ನಿಸುತ್ತಿರಲಿಲ್ಲ. ಪ್ರಿಂಟು ಕೈಗೆ ಬಂದಾಗ ತಿರುಗಿಸಿ ಹಿಡಿದರೆ ಆಯಿತು. ತಿರುಗಿಸುವ ಕೆಲಸ ಕೈಯದು, ಕೈ ಎಂದೂ ತಪ್ಪುತ್ತಿರಲಿಲ್ಲ.

ಡಿಜಿಟಲ್ ಕ್ಯಾಮೆರಾದಲ್ಲಿ ರೀಲಿನ ಬದಲು ಚಿತ್ರ ಹಿಡಿಯುವ ಸೆನ್ಸರ್ ಕೂಡ ಹಾಗೆಯೇ. ಅದನ್ನು ಕ್ಯಾಮೆರಾದೊಳಗೆ ಅಡ್ಡವಾಗಿ ಕೂರಿಸಿ ಬಿಗಿದಿದ್ದಾರೆ. ನೀವು ಕ್ಯಾಮೆರಾ ಹೇಗೇ ತಿರುಗಿಸಿ, ಸೆನ್ಸರ್ ತನ್ನ ಪಾಡಿಗೆ ತಾನು ಮೊದಲ ಸಾಲು, ಎರಡನೇ ಸಾಲು ಅಂತ ಅಡ್ಡ ಸಾಲುಗಳನ್ನೇ ಓದಿ ಕೊಡುತ್ತದೆ. 24 ಮೆಗಾಪಿಕ್ಸೆಲ್ ಕ್ಯಾಮೆರಾ ಅಂದರೆ ಸಾಮಾನ್ಯವಾಗಿ 6000 ಪಿಕ್ಸೆಲ್ (ಚಿತ್ರದ ಚುಕ್ಕಿ) ಅಗಲ, 4000 ಪಿಕ್ಸೆಲ್ ಎತ್ತರ. ನೀವು ಉದ್ದ ಫೋಟೊ ತೆಗೆದಾಗಲೂ ಫೈಲಿನೊಳಗೆ ಕೂರುವುದು 6000 ಅಗಲ, 4000 ಎತ್ತರದ ಚಿತ್ರವೇ. ಅಜ್ಜಿ ಅದರೊಳಗೆ ಮಲಗಿಯೇ ಇರುತ್ತಾರೆ. ಹೌದು, ನಿಮ್ಮ ಕ್ಯಾಮೆರಾ ತೆಗೆದ ಪ್ರತಿ ಉದ್ದ ಫೋಟೊದಲ್ಲೂ!

ಹಾಗಾದರೆ ಲ್ಯಾಪ್‌ಟಾಪಿನಲ್ಲಿ ನಿಂತದ್ದು ಹೇಗೆ? ಕ್ಯಾಮೆರಾದೊಳಗೆ ಭೂಮಿಯ ಸೆಳೆತ ಯಾವ ಕಡೆಗಿದೆ ಅಂತ ನೋಡುವ ಪುಟ್ಟ ಚಿಪ್ ಒಂದಿರುತ್ತದೆ. ಫೋನ್ ಅಡ್ಡ ಹಿಡಿದರೆ ವಿಡಿಯೊ ತಾನಾಗಿ ಅಡ್ಡ ಆಗುತ್ತದಲ್ಲ, ಅದೇ ಜಾತಿಯ ಚಿಪ್. ನೀವು ಬಟನ್ ಒತ್ತಿದ ಗಳಿಗೆಯಲ್ಲಿ ಕ್ಯಾಮೆರಾ ಯಾವ ಮಗ್ಗುಲಲ್ಲಿತ್ತು ಅಂತ ಅದು ಹೇಳುತ್ತದೆ. ಕ್ಯಾಮೆರಾ ಚಿತ್ರವನ್ನು ತಿರುಗಿಸುವುದಿಲ್ಲ. ಫೈಲಿನ ತಲೆಯಲ್ಲಿ ಒಂದು ಚೀಟಿ ಬರೆದಿಡುತ್ತದೆ, ಅಷ್ಟೇ: "ನನ್ನನ್ನು ತೋರಿಸುವ ಮುಂಚೆ ಎಡಕ್ಕೆ ಕಾಲು ಸುತ್ತು ತಿರುಗಿಸಿ". ಲ್ಯಾಪ್‌ಟಾಪು ಆ ಚೀಟಿ ಓದಿತು, ತಿರುಗಿಸಿ ತೋರಿಸಿತು. ಟಿವಿ ಓದಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ತೋರಿಸಿತು. ನಿಜ ಹೇಳಬೇಕೆಂದರೆ ಟಿವಿ ಸುಳ್ಳು ಹೇಳಿರಲಿಲ್ಲ.

ಕ್ಯಾಮೆರಾನೇ ತಿರುಗಿಸಿ ಕೊಟ್ಟಿದ್ದರೆ ಏನಾಗುತ್ತಿತ್ತು ಅಂತ ನಿಮಗೂ ಅನ್ನಿಸಬಹುದು, ನನಗೂ ಅನ್ನಿಸಿತ್ತು. ಲೆಕ್ಕ ಹಾಕಿ ನೋಡಿ. 6000 ಗುಣಿಸು 4000 ಪಿಕ್ಸೆಲ್, ಒಂದೊಂದಕ್ಕೆ ಮೂರು ಬೈಟ್ ಅಂದರೂ ಒಂದು ಚಿತ್ರಕ್ಕೆ 7 ಕೋಟಿ 20 ಲಕ್ಷ ಬೈಟ್. ಸೆನ್ಸರ್‌ನಿಂದ ಸಾಲು ಸಾಲಾಗಿ ಬರುವುದನ್ನು ಬಂದ ಹಾಗೇ ಒತ್ತಿ ಸಣ್ಣದು ಮಾಡಿ, ಜೆಪೆಗ್ ಅನ್ನುವ ಫೋಟೊ ಫೈಲಾಗಿ ಕಾರ್ಡಿಗೆ ತಳ್ಳುವುದು ಸುಲಭ. ತಿರುಗಿಸಬೇಕೆಂದರೆ ಇಡೀ ಚಿತ್ರ ಬಂದು ಮುಗಿಯುವ ತನಕ ಮೆಮೊರಿಯಲ್ಲಿ ಹಿಡಿದಿಟ್ಟುಕೊಂಡು ಕಂಬಸಾಲುಗಳನ್ನು ಅಡ್ಡಸಾಲು ಮಾಡಬೇಕು. ಸೆಕೆಂಡಿಗೆ ಹತ್ತು ಫೋಟೊ ಹೊಡೆಯುವಾಗ ಇದು ದಂಡದ ಕೆಲಸ. ಚೀಟಿಗೆ ಬೇಕಾದದ್ದು ಬರೀ 12 ಬೈಟ್. ಯಾರಾದರೂ ಚೀಟಿಯನ್ನೇ ಆರಿಸುತ್ತಾರೆ.

ಈ ಚೀಟಿಗೆ ಒಂದು ಊರು, ಹೆಸರು ಇದೆ. ಫೋಟೊ ಫೈಲಿನೊಳಗೆ ದಿನಾಂಕ, ಶಟರ್ ವೇಗ, ಐಎಸ್ಒ, ಕೆಲವೊಮ್ಮೆ ಜಾಗದ ಜಿಪಿಎಸ್ ಕೂಡ ಬರೆದಿಡುವ ಪದ್ಧತಿಗೆ ಎಕ್ಸಿಫ್ ಅನ್ನುತ್ತಾರೆ. ಜಪಾನಿನ ಎಲೆಕ್ಟ್ರಾನಿಕ್ ಉದ್ದಿಮೆಗಳ ಸಂಘ ಜೈಡಾ ಇದರ ಮೊದಲ ಆವೃತ್ತಿಯನ್ನು 1995ರಲ್ಲಿ ತಂದಿತು. ದಿಕ್ಕಿನ ಚೀಟಿ ಮಾತ್ರ ಅದಕ್ಕಿಂತ ಹಳೆಯದು, ಟಿಫ್ ಅನ್ನುವ ಫೈಲು ಬಗೆಯಿಂದ ಎಕ್ಸಿಫ್ ಅದನ್ನು ಎರವಲು ಪಡೆಯಿತು. ಅದರ ಹೆಸರು ಓರಿಯೆಂಟೇಶನ್, ನಂಬರು 274. ಅದರಲ್ಲಿ 1ರಿಂದ 8ರವರೆಗಿನ ಒಂದು ಅಂಕಿ ಇರುತ್ತದೆ.

ಎಂಟೂ ನೆನಪಿಡಬೇಕಿಲ್ಲ. 1 ಅಂದರೆ ಚಿತ್ರ ಇದ್ದ ಹಾಗೇ ಸರಿ, ಮುಟ್ಟಬೇಡಿ. 3 ಅಂದರೆ ತಲೆಕೆಳಗಾಗಿದೆ. 6 ಅಂದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ 90 ಡಿಗ್ರಿ ತಿರುಗಿಸಿ. 8 ಅಂದರೆ ಅದರ ಎದುರು ದಿಕ್ಕಿಗೆ 90 ಡಿಗ್ರಿ. ಉಳಿದ 2, 4, 5, 7 ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ಬದಲಾದ ಚಿತ್ರಗಳಿಗೆ, ಕ್ಯಾಮೆರಾ ಫೋಟೊಗಳಲ್ಲಿ ಅವು ಸಿಗುವುದು ಅಪರೂಪ. ಡಿಎಸ್‌ಎಲ್‌ಆರ್‌ನ ಹಿಡಿಕೆ ಮೇಲೆ ಬರುವ ಹಾಗೆ ತಿರುಗಿಸಿದರೆ, ಅಂದರೆ ಬಟನ್ ಒತ್ತುವ ಬಲಗೈ ಹಣೆಯ ಹತ್ತಿರ ಬಂದರೆ, ಚೀಟಿಯಲ್ಲಿ 8 ಬೀಳುತ್ತದೆ. ಹೆಚ್ಚಿನವರು ಹಿಡಿಯುವುದೇ ಹೀಗೆ. ಹಿಡಿಕೆ ಕೆಳಗೆ ಬಂದರೆ 6. ಐಫೋನನ್ನು ನೆಟ್ಟಗೆ ಹಿಡಿದು ಹಿಂದಿನ ಕ್ಯಾಮೆರಾದಲ್ಲಿ ತೆಗೆದ ಜೆಪೆಗ್ ಫೋಟೊಗಳಲ್ಲೂ 6 ಇರುತ್ತದೆ. ವಿಚಿತ್ರ ಅಲ್ವಾ? ಫೋನನ್ನು ಜನ ನೆಟ್ಟಗೇ ಹಿಡಿಯುತ್ತಾರೆ, ಆದರೂ ಅದರೊಳಗಿನ ಸೆನ್ಸರ್‌ಗೆ ಅದು ಮಗ್ಗುಲು.

ಈಗ ನನ್ನ ಎರಡನೇ ದಿನದ ಪೆದ್ದುತನ ಅರ್ಥವಾಗುತ್ತದೆ. ಆ ಹಳೇ ಪ್ರೋಗ್ರಾಂ ಚೀಟಿ ಓದುವ ಜಾತಿಯದಲ್ಲ. ಅದಕ್ಕೇ ಅದರಲ್ಲಿ ಅಜ್ಜಿ ಮಲಗಿದ್ದರು. ನಾನು ಎಡಕ್ಕೆ ತಿರುಗಿಸು ಅಂದಾಗ ಅದು ಪಿಕ್ಸೆಲ್‌ಗಳನ್ನೇ ತಿರುಗಿಸಿ ಅಜ್ಜಿಯನ್ನು ನಿಜವಾಗಿಯೂ ನಿಲ್ಲಿಸಿತು. ಆದರೆ ಚೀಟಿಯನ್ನು ಮುಟ್ಟಲಿಲ್ಲ. ಅದರಲ್ಲಿ ಇನ್ನೂ 8 ಹಾಗೇ ಇತ್ತು. ಚೀಟಿ ಓದದ ಟಿವಿಗೆ ನಿಂತ ಅಜ್ಜಿ ಕಂಡರು. ಚೀಟಿ ಓದುವ ಫೋನು ಪಾಪ, ಹೇಳಿದ ಮಾತು ಕೇಳಿ ನಿಂತ ಅಜ್ಜಿಯನ್ನು ಇನ್ನೊಂದು ಕಾಲು ಸುತ್ತು ಎಡಕ್ಕೆ ತಿರುಗಿಸಿ ಕೆಡವಿತು. ವೈದ್ಯರು ದಿನಕ್ಕೊಂದು ಮಾತ್ರೆ ಅಂತ ಚೀಟಿ ಬರೆದುಕೊಟ್ಟಾಗ ಬೆಳಿಗ್ಗೆ ಒಬ್ಬರು ಕೊಟ್ಟು, ಕೊಟ್ಟದ್ದನ್ನು ಗುರುತು ಹಾಕದೆ ಹೋದರೆ, ಸಂಜೆ ಇನ್ನೊಬ್ಬರು ಬಂದು ಮತ್ತೊಂದು ಕೊಡುತ್ತಾರಲ್ಲ, ಹಾಗೆ.

ಆದ್ದರಿಂದ ಫೋಟೊ ನೆಟ್ಟಗಿದೆ ಅನ್ನುವುದರಲ್ಲಿ ಎರಡು ಬಗೆ ಇದೆ. ಒಂದು, ಪಿಕ್ಸೆಲ್ ಮಲಗಿದೆ, ಚೀಟಿ ಅದನ್ನು ಎಬ್ಬಿಸುತ್ತದೆ. ಇನ್ನೊಂದು, ಪಿಕ್ಸೆಲ್ಲೇ ನಿಂತಿದೆ, ಚೀಟಿಯಲ್ಲಿ 1 ಇದೆ ಅಥವಾ ಚೀಟಿಯೇ ಇಲ್ಲ. ಎರಡೂ ಸರಿಯೇ. ಕೆಡುವುದು ಇವೆರಡರ ನಡುವೆ ಅರ್ಧಕ್ಕೆ ನಿಂತಾಗ: ಪಿಕ್ಸೆಲ್ ತಿರುಗಿಸಿ ಚೀಟಿ ಹಾಗೇ ಬಿಟ್ಟರೆ, ಇಲ್ಲವೇ ಪಿಕ್ಸೆಲ್ ತಿರುಗಿಸದೆ ಚೀಟಿ ಹರಿದುಹಾಕಿದರೆ. ನಾನು ನೋಡಿದ ಮಲಗಿದ ಫೋಟೊಗಳೆಲ್ಲ ಬಂದದ್ದು ಈ ಎರಡು ತಪ್ಪುಗಳಿಂದ, ಅಥವಾ ಚೀಟಿಯನ್ನೇ ಓದದ ಉಪಕರಣದಿಂದ.

ಎರಡನೇ ತಪ್ಪು ಎಲ್ಲಿ ಆಗುತ್ತದೆ ಗೊತ್ತಾ? ಅರ್ಜಿ ಹಾಕುವ ವೆಬ್‌ಸೈಟುಗಳಲ್ಲಿ. ಫೋನಿನಲ್ಲಿ ನೆಟ್ಟಗಿದ್ದ ಪಾಸ್‌ಪೋರ್ಟ್ ಸೈಜಿನ ಫೋಟೊ ಅಪ್‌ಲೋಡ್ ಮಾಡುತ್ತೀರಿ, ಅಲ್ಲಿ ಹೋಗಿ ಮಲಗುತ್ತದೆ. ಫೋಟೊ ಸಣ್ಣದು ಮಾಡುವಾಗ ಆ ಸರ್ವರಿನ ಪ್ರೋಗ್ರಾಂ ಎಕ್ಸಿಫ್ ಪೂರ್ತಿ ಕಿತ್ತು ಹಾಕುತ್ತದೆ. ಜಿಪಿಎಸ್ ಸೋರದ ಹಾಗೆ ಕೀಳುವುದು ಒಳ್ಳೆಯದೇ. ಆದರೆ ಕೀಳುವ ಮುಂಚೆ ಚೀಟಿ ಓದಿ ತಿರುಗಿಸಬೇಕಿತ್ತು, ಅದನ್ನು ಮರೆತಿರುತ್ತಾರೆ. ನನ್ನ ಒಂದು ಅರ್ಜಿ ಹೀಗೇ ವಾಪಸ್ ಬಂದಿದೆ, "ಫೋಟೊ ಸರಿಯಿಲ್ಲ" ಅನ್ನುವ ಒಂದೇ ಸಾಲಿನ ಜೊತೆ. ಇಂಥ ಪ್ರೋಗ್ರಾಂ ಬರೆಯುವವರ ಗಮನಕ್ಕೆ: ಪೈಥಾನ್‌ನ ಪಿಲ್ಲೋ ಲೈಬ್ರರಿಯಲ್ಲಿ ಫೋಟೊ ತೆರೆದ ಕೂಡಲೇ ಎಕ್ಸಿಫ್ ಟ್ರಾನ್ಸ್‌ಪೋಸ್ ಅನ್ನುವ ಒಂದು ಫಂಕ್ಷನ್ ಕರೆದರೆ ಮುಗಿಯಿತು. ಪಿಎಚ್‌ಪಿಯ ಜಿಡಿ ಲೈಬ್ರರಿ ತಾನಾಗಿ ಚೀಟಿ ಓದುವುದಿಲ್ಲ, ನೀವೇ ಓದಿಸಿ ತಿರುಗಿಸಬೇಕು. ಒಂದೆರಡು ಸಾಲಿನ ಕೆಲಸ, ಸಾವಿರಾರು ಜನರ ಕತ್ತು ಉಳಿಯುತ್ತದೆ.

ಇನ್ನು ಇಳಿಸುವ ವಿಷಯ. ಕಾರ್ಡನ್ನು ರೀಡರಿಗೆ ಹಾಕಿ, ಫೋಟೊ ಇರುವ ಡಿಸಿಐಎಂ ಫೋಲ್ಡರಿನಿಂದ ಕಾಪಿ ಪೇಸ್ಟ್ ಮಾಡಿದರೆ ಫೈಲಿನಲ್ಲಿ ಒಂದು ಬೈಟೂ ಬದಲಾಗುವುದಿಲ್ಲ. ಪಿಕ್ಸೆಲ್ ಮಲಗಿಯೇ, ಚೀಟಿ ಇದ್ದ ಹಾಗೇ ಬರುತ್ತದೆ. ಕೇಬಲ್ ಹಾಕಿ ಕ್ಯಾಮೆರಾದಿಂದ ಕಾಪಿ ಮಾಡಿದರೂ ಅಷ್ಟೇ. ಬದಲಾಗುವುದು "ನಿಮ್ಮ ಫೋಟೊ ಇಂಪೋರ್ಟ್ ಮಾಡಲಾ?" ಅಂತ ಕೇಳಿಕೊಂಡು ಬರುವ ಪ್ರೋಗ್ರಾಂಗಳಲ್ಲಿ. ಅವುಗಳಲ್ಲಿ ಕೆಲವು ಇಳಿಸುವಾಗಲೇ ತಿರುಗಿಸಿಬಿಡುತ್ತವೆ. ವಿಂಡೋಸ್ 7ರಲ್ಲಿ ಇಂಪೋರ್ಟ್ ಸೆಟ್ಟಿಂಗಿನೊಳಗೆ ಇದಕ್ಕೆಂದೇ ಒಂದು ಟಿಕ್ ಇತ್ತು. ಅದಕ್ಕೆ ಕಾರಣವೂ ಇತ್ತು. ಅದರ ಜೊತೆಗೆ ಬರುತ್ತಿದ್ದ ಫೋಟೊ ವ್ಯೂವರ್ ಚೀಟಿ ಓದುತ್ತಿರಲಿಲ್ಲ, ಹಾಗಾಗಿ ಇಳಿಸುವಾಗಲೇ ತಿರುಗಿಸದಿದ್ದರೆ ಎಲ್ಲವೂ ಮಲಗಿ ಕಾಣುತ್ತಿತ್ತು. ವಿಂಡೋಸ್ 8ರಿಂದ ಆಚೆಗೆ ಚೀಟಿ ಓದುವುದು ಶುರುವಾಯಿತು. ಮ್ಯಾಕ್‌ನ ಪ್ರಿವ್ಯೂ ಕೂಡ ಓದುತ್ತದೆ. ಬ್ರೌಸರ್‌ಗಳು ಇದಕ್ಕೆ ಪೂರ್ತಿ ಬಗ್ಗಿದ್ದು 2020ರಲ್ಲಿ. ಆ ವರ್ಷ ಕ್ರೋಮ್ 81, ಫೈರ್‌ಫಾಕ್ಸ್ 77, ಸಫಾರಿ 13.1 ಇವೆಲ್ಲ ವೆಬ್ ಪುಟದೊಳಗಿನ ಚಿತ್ರಕ್ಕೂ ಚೀಟಿ ಓದಿ ತಿರುಗಿಸುವುದನ್ನು ಮಾಮೂಲಿ ನಡೆ ಮಾಡಿಕೊಂಡವು. ಅದಕ್ಕೂ ಮುಂಚೆ ಒಂದೇ ಫೋಟೊ ಬೇರೆ ಬೇರೆ ಕಡೆ ಬೇರೆ ಬೇರೆ ದಿಕ್ಕಿಗೆ ಕಾಣುತ್ತಿತ್ತು. ಎತ್ತು ಏರಿಗೆ, ಕೋಣ ನೀರಿಗೆ.

ಅದಕ್ಕೇ ನನ್ನ ಪದ್ಧತಿ ಈಗ ಇಷ್ಟೇ. ಇಳಿಸುವಾಗ ತಿರುಗಿಸುವುದಿಲ್ಲ, ಕೊಡುವಾಗ ತಿರುಗಿಸುತ್ತೇನೆ. ಕ್ಯಾಮೆರಾದಿಂದ ಬಂದ ಫೈಲು ಹಾಗೇ ಒಂದು ಫೋಲ್ಡರಿನಲ್ಲಿ ಕೂರಬೇಕು. ಅದನ್ನು ಯಾವ ಪ್ರೋಗ್ರಾಮೂ ಮುಟ್ಟಬಾರದು. ಟಿವಿಗೋ, ಫೋಟೊ ಫ್ರೇಮಿಗೋ, ಪ್ರಿಂಟಿಗೋ, ಅರ್ಜಿಗೋ ಹೋಗುವುದಕ್ಕೆ ಬೇರೆ ಪ್ರತಿ ಮಾಡಿ, ಆ ಪ್ರತಿಯಲ್ಲಿ ಪಿಕ್ಸೆಲ್ ನಿಲ್ಲಿಸಿ ಚೀಟಿಯಲ್ಲಿ 1 ಬರೆಯಬೇಕು. ಲೈಟ್‌ರೂಮ್, ಡಾರ್ಕ್‌ಟೇಬಲ್ ತರಹದ ಫೋಟೊ ಪ್ರೋಗ್ರಾಂಗಳು ಎಕ್ಸ್‌ಪೋರ್ಟ್ ಮಾಡುವಾಗ ಇದನ್ನು ತಾವೇ ನೋಡಿಕೊಳ್ಳುತ್ತವೆ. ಜಿಂಪ್ ಅನ್ನುವ ಎಡಿಟರಿನಲ್ಲಿ ಫೋಟೊ ತೆರೆಯುವಾಗ "ತಿರುಗಿಸಲಾ, ಹಾಗೇ ಬಿಡಲಾ" ಅಂತ ಕೇಳುತ್ತದೆ, ಆಗ ತಿರುಗಿಸು ಅನ್ನಿ. ಕಮಾಂಡ್ ಬರೆಯಲು ಬೇಸರವಿಲ್ಲದವರಿಗೆ ಇಮೇಜ್‌ಮ್ಯಾಜಿಕ್ ಅನ್ನುವ ಪ್ರೋಗ್ರಾಮಿನಲ್ಲಿ ಆಟೊ-ಓರಿಯೆಂಟ್ ಆಯ್ಕೆ ಇದೆ. ಸೈಜು ಇಳಿಸುವುದೂ ತಿರುಗಿಸುವುದೂ ಒಂದೇ ಏಟಿಗೆ ಆಗುತ್ತದೆ, ನಾನೂರು ಫೋಟೊ ಆದರೂ ಒಂದು ಕಾಫಿ ಕುಡಿಯುವಷ್ಟರಲ್ಲಿ ಮುಗಿಯುತ್ತದೆ.

ತಿರುಗಿಸಿದರೆ ಫೋಟೊ ಕೆಡುತ್ತದಾ ಅನ್ನುವುದು ಎಲ್ಲರೂ ಕೇಳುವ ಪ್ರಶ್ನೆ. ಕೆಡಬಹುದು. ಜೆಪೆಗ್ ಅನ್ನುವುದು ಚಿತ್ರವನ್ನು ಒತ್ತಿ ಸಣ್ಣದು ಮಾಡುವ ವಿದ್ಯೆ. ಒತ್ತುವಾಗ ಕಣ್ಣಿಗೆ ಅಷ್ಟಾಗಿ ಕಾಣದ ವಿವರಗಳನ್ನು ಬಿಟ್ಟುಬಿಡುತ್ತದೆ. ಸಾಮಾನ್ಯ ಎಡಿಟರಿನಲ್ಲಿ ತೆರೆದು ತಿರುಗಿಸಿ ಸೇವ್ ಮಾಡಿದರೆ ಬಿಚ್ಚಿದ ಚಿತ್ರವನ್ನು ಮತ್ತೆ ಒತ್ತುತ್ತದೆ, ಮತ್ತಷ್ಟು ವಿವರ ಹೋಗುತ್ತದೆ. ಒಂದು ಸಲಕ್ಕೆ ಗೊತ್ತಾಗುವುದಿಲ್ಲ. ಹತ್ತು ಸಲ ಮಾಡಿದರೆ ಅಂಚುಗಳಲ್ಲಿ ಕೊಳೆ ಕಾಣುತ್ತದೆ.

ಆದರೆ ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅನ್ನುವವರಿಗೆ ಒಂದು ಚಂದದ ಉಪಾಯ ಇದೆ. ಇಡೀ ವಿಷಯದಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟದ್ದು ಇದೇ. ಜೆಪೆಗ್ ಚಿತ್ರವನ್ನು ಕೌದಿ ಹಾಗೆ ನೆನೆಸಿಕೊಳ್ಳಿ. 8 ಗುಣಿಸು 8 ಪಿಕ್ಸೆಲ್‌ನ ಸಣ್ಣ ಚೌಕಗಳನ್ನು ಒಂದಕ್ಕೊಂದು ಸೇರಿಸಿ ಹೊಲಿದಿದೆ. ಒಂದೊಂದು ಚೌಕವನ್ನೂ ಬೇರೆ ಬೇರೆಯಾಗಿ ಒತ್ತಿರುತ್ತದೆ. ಹಾಗಾದರೆ ಇಡೀ ಚಿತ್ರ ಬಿಚ್ಚಿ ಮತ್ತೆ ಒತ್ತುವ ಬದಲು, ಒತ್ತಿದ ಚೌಕಗಳನ್ನು ಹಾಗೇ ತೆಗೆದು ಜಾಗ ಬದಲಿಸಿ ಜೋಡಿಸಿ, ಒಂದೊಂದರ ಒಳಗಿನ ಅಂಕಿಗಳನ್ನೂ ಅಡ್ಡದ್ದು ಉದ್ದ, ಉದ್ದದ್ದು ಅಡ್ಡ ಮಾಡಿ, ಕೆಲವಕ್ಕೆ ಪ್ಲಸ್ ಮೈನಸ್ ಬದಲಿಸಿದರೆ ಆಯಿತು. ಚಿತ್ರ ತಿರುಗುತ್ತದೆ, ಒಂದು ಚೂರೂ ನಷ್ಟವಿಲ್ಲ. ಜೆಪೆಗ್‌ಟ್ರಾನ್ ಅನ್ನುವ ಪುಟ್ಟ ಪ್ರೋಗ್ರಾಂ ಮಾಡುವುದು ಇದನ್ನೇ. ಜೆಹೆಡ್ ಅನ್ನುವ ಇನ್ನೊಂದಕ್ಕೆ ಆಟೊರೊಟ್ ಅಂದರೆ, ಅದು ಚೀಟಿ ಓದಿ, ಜೆಪೆಗ್‌ಟ್ರಾನ್‌ನಿಂದಲೇ ತಿರುಗಿಸಿ, ಚೀಟಿಯನ್ನೂ 1ಕ್ಕೆ ತಂದು ಕೂರಿಸುತ್ತದೆ. ನನಗೆ ಅವತ್ತು ಬೇಕಿದ್ದದ್ದು ಇದೇ.

ಇದಕ್ಕೂ ಒಂದು ಕೊಕ್ಕೆ ಇದೆ. ಬಣ್ಣದ ವಿವರ ಕಡಿಮೆ ಮಾಡಿ ಜಾಗ ಉಳಿಸಲು ಹೆಚ್ಚಿನ ಜೆಪೆಗ್‌ಗಳು ಚೌಕಗಳನ್ನು 16 ಪಿಕ್ಸೆಲ್‌ನ ಗುಂಪು ಮಾಡಿ ಇಡುತ್ತವೆ. 6000 ಮತ್ತು 4000 ಎರಡೂ 16ರಿಂದ ಸರಿಯಾಗಿ ಭಾಗವಾಗುತ್ತವೆ, 375 ಮತ್ತು 250 ತುಂಡು. ಆದರೆ 4000 ಗುಣಿಸು 3000ರ ಫೋಟೊ ತೆಗೆದುಕೊಳ್ಳಿ. 3000 ಭಾಗಿಸು 16 ಅಂದರೆ 187ವರೆ. ಕೆಳಗಿನ ಅಂಚಿನಲ್ಲಿ ಅರ್ಧ ತುಂಡಿನ ಒಂದು ಸಾಲು ಉಳಿಯುತ್ತದೆ. ಅರ್ಧ ತುಂಡುಗಳು ಬಲಗಡೆಯ ಅಥವಾ ಕೆಳಗಿನ ಅಂಚಿನಲ್ಲಿ ಮಾತ್ರ ಇರಬಹುದು ಅನ್ನುವುದು ಜೆಪೆಗ್‌ನ ನಿಯಮ. ಎಡಕ್ಕೆ ತಿರುಗಿಸಿದರೆ ಆ ಸಾಲು ಬಲ ಅಂಚಿಗೆ ಹೋಗುತ್ತದೆ, ತೊಂದರೆಯಿಲ್ಲ. ಬಲಕ್ಕೆ ತಿರುಗಿಸಿದರೆ ಎಡ ಅಂಚಿಗೆ ಬರುತ್ತದೆ, ಅಲ್ಲಿ ಅದಕ್ಕೆ ಜಾಗವಿಲ್ಲ. ಆಗ ಒಂದೋ ಆ 8 ಪಿಕ್ಸೆಲ್ ಪಟ್ಟಿಯನ್ನು ಕತ್ತರಿಸಿ ಹಾಕಬೇಕು, ಇಲ್ಲವೇ ಅಂಚಿನಲ್ಲಿ ಒಂದು ವಿಚಿತ್ರ ಗೆರೆ ಸಹಿಸಿಕೊಳ್ಳಬೇಕು. ಜೆಪೆಗ್‌ಟ್ರಾನ್‌ಗೆ ಟ್ರಿಮ್ ಅಂದರೆ ಕತ್ತರಿಸುತ್ತದೆ. 3000ದಲ್ಲಿ 8 ಹೋದರೆ ಯಾರಿಗೂ ಗೊತ್ತಾಗುವುದಿಲ್ಲ ಬಿಡಿ.

ರಾ ಫೈಲು ತೆಗೆಯುವವರಿಗೆ ಈ ಚಿಂತೆಯೇ ಇಲ್ಲ. ಅದರಲ್ಲಿ ಸೆನ್ಸರ್ ಕೊಟ್ಟದ್ದು ಕೊಟ್ಟ ಹಾಗೇ ಇರುತ್ತದೆ, ಪ್ರೋಗ್ರಾಂಗಳು ಬದಲಿಸುವುದು ದಿಕ್ಕಿನ ಗುರುತನ್ನು ಮಾತ್ರ.

ಐಫೋನಿನವರಿಗೆ ಮಾತ್ರ ಇನ್ನೊಂದು ಸುತ್ತು ಇದೆ. 2017ರಲ್ಲಿ ಬಂದ ಐಒಎಸ್ 11ರಿಂದ ಅವು ಎಚ್‌ಇಐಸಿ ಅನ್ನುವ ಬಗೆಯಲ್ಲಿ ಫೋಟೊ ಇಡುತ್ತವೆ. ಅದರಲ್ಲಿ ತಿರುಗಿಸುವ ಸೂಚನೆಗೆ ಫೈಲಿನೊಳಗೇ ಬೇರೆ ಜಾಗ ಇದೆ, ಜೊತೆಗೆ ಹಳೇ ಎಕ್ಸಿಫ್ ಚೀಟಿಯೂ ಸುಮ್ನೆ ಕೂತಿರುತ್ತದೆ. ನಿಯಮದ ಪ್ರಕಾರ ಮೊದಲನೆಯದನ್ನು ಪಾಲಿಸಬೇಕು, ಎರಡನೆಯದನ್ನು ಬಿಟ್ಟುಬಿಡಬೇಕು. ಅರ್ಧಂಬರ್ಧ ಬರೆದ ಕನ್ವರ್ಟರ್‌ಗಳು ಎರಡನ್ನೂ ಪಾಲಿಸಿ ಎರಡು ಸಲ ತಿರುಗಿಸುತ್ತವೆ. ಕೇಬಲ್ ಹಾಕಿ ಕಂಪ್ಯೂಟರಿಗೆ ಇಳಿಸುವಾಗ ಜೆಪೆಗ್ ಆಗಿ ಬರಬೇಕೋ ಮೂಲವೇ ಬರಬೇಕೋ ಅನ್ನುವುದನ್ನು ಫೋನಿನ ಫೋಟೋಸ್ ಸೆಟ್ಟಿಂಗಿನಲ್ಲಿ ಆರಿಸಬಹುದು. ಅಲ್ಲಿ ಆಟೊಮ್ಯಾಟಿಕ್ ಇಟ್ಟರೆ ಪರಿವರ್ತನೆಯನ್ನು ಫೋನೇ ಮಾಡುತ್ತದೆ, ಯಾವುದೋ ಉಚಿತ ಕನ್ವರ್ಟರ್‌ನ ಸಹವಾಸ ತಪ್ಪುತ್ತದೆ.

ಕ್ಯಾಮೆರಾದೊಳಗಿನ ಮೆನುವಿನ ಬಗ್ಗೆಯೂ ಹೇಳಲೇಬೇಕು, ಯಾಕೆಂದರೆ ಅಲ್ಲಿ ಎರಡು ಬೇರೆ ಬೇರೆ ವಿಷಯಗಳು ಒಂದೇ ತರಹದ ಹೆಸರಿಟ್ಟುಕೊಂಡು ಕೂತಿವೆ. ಚೀಟಿ ಬರೆಯುವುದು ಒಂದು. ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಫೋಟೊ ತಿರುಗಿಸಿ ತೋರಿಸುವುದು ಇನ್ನೊಂದು. ಹಲವು ನಿಕಾನ್‌ಗಳಲ್ಲಿ ಚೀಟಿ ಬರೆಯುವುದಕ್ಕೆ ಆಟೊ ಇಮೇಜ್ ರೊಟೇಶನ್ ಅಂತಲೂ, ಪರದೆಯಲ್ಲಿ ತಿರುಗಿಸುವುದಕ್ಕೆ ರೊಟೇಟ್ ಟಾಲ್ ಅಂತಲೂ ಹೆಸರು. ಕ್ಯಾನನ್‌ನಲ್ಲಿ ಆಟೊ ರೊಟೇಟ್ ಅನ್ನುವ ಒಂದೇ ಜಾಗದಲ್ಲಿ ಮೂರು ಆಯ್ಕೆ ಇರುತ್ತದೆ: ಕ್ಯಾಮೆರಾ ಪರದೆ ಮತ್ತು ಕಂಪ್ಯೂಟರ್ ಎರಡಕ್ಕೂ, ಕಂಪ್ಯೂಟರಿಗೆ ಮಾತ್ರ, ಬೇಡವೇ ಬೇಡ. ನಾನು ನಡುವಿನದನ್ನು ಇಟ್ಟುಕೊಂಡಿದ್ದೇನೆ. ಪರದೆಯಲ್ಲಿ ತಿರುಗಿಸಿ ತೋರಿಸಿದರೆ ಉದ್ದ ಫೋಟೊ ಆ ಅಡ್ಡ ಪರದೆಯ ನಡುವೆ ಅಂಚೆಚೀಟಿ ಅಷ್ಟು ಆಗಿಬಿಡುತ್ತದೆ, ಅಜ್ಜಿ ಕಣ್ಣು ಮುಚ್ಚಿದ್ದಾರೋ ತೆರೆದಿದ್ದಾರೋ ಗೊತ್ತಾಗುವುದಿಲ್ಲ. ತಿರುಗಿಸದಿದ್ದರೆ ಪರದೆ ತುಂಬ ಬರುತ್ತದೆ, ಕ್ಯಾಮೆರಾ ತಿರುಗಿಸಿ ನೋಡಿಕೊಂಡರೆ ಆಯಿತು. ಆದರೆ ಪರದೆಯಲ್ಲಿ ಬೇಡ ಅನ್ನುವ ಭರದಲ್ಲಿ ಮೂರನೆಯದನ್ನು ಒತ್ತಿಬಿಟ್ಟರೆ ಚೀಟಿಯೇ ಬರೆಯುವುದಿಲ್ಲ. ಮನೆಗೆ ಬಂದು ಒಂದೊಂದನ್ನೇ ಕೈಯಲ್ಲಿ ತಿರುಗಿಸುತ್ತಾ ಕೂರಬೇಕು.

ಚೀಟಿಯೂ ಒಮ್ಮೊಮ್ಮೆ ತಪ್ಪುತ್ತದೆ. ಅಂಗಳದ ರಂಗೋಲಿಯನ್ನು ಮೇಲಿನಿಂದ ನೇರ ಕೆಳಗೆ ನೋಡಿ ತೆಗೆಯಿರಿ, ಅಥವಾ ಬಾಳೆಲೆ ಊಟವನ್ನು, ಮೇಜಿನ ಮೇಲಿಟ್ಟ ಹಳೇ ಪತ್ರವನ್ನು. ಆಗ ಭೂಮಿಯ ಸೆಳೆತ ಲೆನ್ಸಿನ ದಿಕ್ಕಿಗೇ ಇರುತ್ತದೆ. ಎಡ ಯಾವುದು, ಬಲ ಯಾವುದು ಅಂತ ಹೇಳಲು ಆ ಚಿಪ್‌ಗೆ ಏನೂ ಸುಳಿವಿಲ್ಲ. ಕೈ ಒಂಚೂರು ಅತ್ತ ವಾಲಿದರೆ 1, ಇತ್ತ ವಾಲಿದರೆ 8. ಪುಟ ಪುಟವಾಗಿ ಪುಸ್ತಕದ ಫೋಟೊ ತೆಗೆದವರಿಗೆ ಇದು ಚೆನ್ನಾಗಿ ಗೊತ್ತು, ನಡುವೆ ನಾಲ್ಕು ಪುಟ ಅಡ್ಡಬಿದ್ದಿರುತ್ತವೆ. ಇಂಥ ಕೆಲಸಕ್ಕೆ ಮಾತ್ರ ಚೀಟಿ ಬರೆಯುವುದನ್ನು ಆಫ್ ಮಾಡಿ, ಎಲ್ಲವನ್ನೂ ಒಂದೇ ದಿಕ್ಕಿಗೆ ತೆಗೆದು, ಆಮೇಲೆ ಎಲ್ಲವನ್ನೂ ಒಟ್ಟಿಗೆ ತಿರುಗಿಸುವುದು ಒಳ್ಳೆಯದು. ಬಟನ್ ಒತ್ತಿ ಹಿಡಿದು ಸಾಲಾಗಿ ಹೊಡೆಯುವಾಗಲೂ ಎಚ್ಚರ ಬೇಕು. ನಿಕಾನ್‌ನಲ್ಲಿ ಆ ಸರಣಿಯ ಮೊದಲ ಫೋಟೊದ ದಿಕ್ಕನ್ನೇ ಉಳಿದವಕ್ಕೆಲ್ಲ ಬರೆಯುತ್ತದೆ, ನಡುವೆ ಕ್ಯಾಮೆರಾ ತಿರುಗಿಸಿದರೂ ಅದೇ.

ಚೀಟಿ ತಪ್ಪಿದ್ದರೆ ಪಿಕ್ಸೆಲ್ ಮುಟ್ಟದೆ ಅದನ್ನೊಂದೇ ತಿದ್ದಬಹುದು. ಎಕ್ಸಿಫ್‌ಟೂಲ್ ಅನ್ನುವ ಉಚಿತ ಪ್ರೋಗ್ರಾಂ ಇದಕ್ಕೆ ಹೇಳಿ ಮಾಡಿಸಿದ್ದು. ಅದಕ್ಕೆ ಒಂದು ಫೈಲು ತೋರಿಸಿದರೆ ಚೀಟಿಯಲ್ಲಿ ಏನಿದೆ ಅಂತ ಓದಿ ಹೇಳುತ್ತದೆ. 8 ಇದ್ದರೆ "ರೊಟೇಟ್ 270 ಸಿಡಬ್ಲ್ಯೂ" ಅನ್ನುತ್ತದೆ, ಗಾಬರಿ ಬೇಡ, ಬಲಕ್ಕೆ 270 ಡಿಗ್ರಿ ಅಂದರೂ ಎಡಕ್ಕೆ 90 ಅಂದರೂ ಒಂದೇ. ನನ್ನ ಹಾಗೆ ಎರಡು ಸಲ ತಿರುಗಿದ ಫೋಟೊ ಇಟ್ಟುಕೊಂಡು ತಲೆ ಕೆರೆದುಕೊಳ್ಳುತ್ತಿರುವವರು ಅದರಲ್ಲಿ ಓರಿಯೆಂಟೇಶನ್ ಅಂಕಿಯನ್ನು 1 ಮಾಡಿದರೆ ಸಾಕು. ಪಿಕ್ಸೆಲ್ ಹೇಗೂ ನಿಂತಿದೆ, ಸುಳ್ಳು ಹೇಳುತ್ತಿದ್ದ ಚೀಟಿ ಬಾಯಿ ಮುಚ್ಚುತ್ತದೆ.

ಒಂದು ಸಣ್ಣ ಭೂತ ಆಮೇಲೂ ಕಾಡಬಹುದು. ಕ್ಯಾಮೆರಾ ಫೈಲಿನೊಳಗೆ ಪುಟ್ಟ ನಕಲು ಚಿತ್ರ ಒಂದನ್ನು ಅಡಗಿಸಿಟ್ಟಿರುತ್ತದೆ, ಸಾಮಾನ್ಯವಾಗಿ 160 ಗುಣಿಸು 120 ಪಿಕ್ಸೆಲ್. ದೊಡ್ಡ ಚಿತ್ರ ತಿರುಗಿಸಿದ ಪ್ರೋಗ್ರಾಂ ಇದನ್ನು ಮರೆತರೆ, ಪಟ್ಟಿಯಲ್ಲಿ ಮಲಗಿದ ಫೋಟೊ ತೆರೆದ ಕೂಡಲೇ ಎದ್ದು ನಿಲ್ಲುತ್ತದೆ. ಫೋಟೊಗೆ ಏನೂ ಆಗಿಲ್ಲ, ನಕಲು ಹಳೆಯದು ಅಷ್ಟೇ.

ಇಷ್ಟೆಲ್ಲ ಯಾರಿಗೆ ಬೇಕು, ಒಂದು ಫೋಟೊ ನೆಟ್ಟಗೆ ಕಳಿಸಿದರೆ ಸಾಕು ಅನ್ನುವವರಿಗೆ ಎರಡು ಒರಟು ದಾರಿ ಇವೆ. ಫೋನಿನಲ್ಲಿ ಫೋಟೊ ತೆರೆದು ಸ್ಕ್ರೀನ್‌ಶಾಟ್ ಹೊಡೆದು ಕತ್ತರಿಸಿಕೊಳ್ಳಿ. ಕಣ್ಣಿಗೆ ಕಂಡದ್ದೇ ಪಿಕ್ಸೆಲ್ ಆಗುತ್ತದೆ. ಸೈಜು ಸಣ್ಣದಾಗುತ್ತದೆ, ಅರ್ಜಿಗೆ ಅಷ್ಟು ಸಾಕು. ಇಲ್ಲವೇ ನಿಮಗೆ ನೀವೇ ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿಕೊಳ್ಳಿ. ಅದು ತಿರುಗಿಸಿ, ಒತ್ತಿ, ಎಕ್ಸಿಫ್ ಕಿತ್ತು ಕೊಡುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಮಾತ್ರ ಮೂಲ ಫೈಲೇ ಚೀಟಿ ಸಮೇತ ಹೋಗುತ್ತದೆ. ಪ್ರಿಂಟ್ ಹಾಕಿಸುವುದಕ್ಕೆ ಇವೆರಡೂ ಬೇಡ.

ನನ್ನ ನಾನೂರು ಫೋಟೊಗಳ ಗತಿ ಹೇಳಿಬಿಡುತ್ತೇನೆ. ಪುಣ್ಯಕ್ಕೆ ಕಾರ್ಡ್ ಫಾರ್ಮ್ಯಾಟ್ ಮಾಡಿರಲಿಲ್ಲ. ನಾನು ತಿರುಗಿಸಿ ಕೆಡಿಸಿದ್ದನ್ನೆಲ್ಲ ಅಳಿಸಿ, ಕಾರ್ಡಿನಿಂದ ಮತ್ತೆ ಹಾಗೇ ಇಳಿಸಿಕೊಂಡೆ. ಅಕ್ಕನಿಗೆ ಮೂಲ ಫೈಲುಗಳನ್ನೇ ಕೊಟ್ಟೆ, ಅವಳ ಫೋನು ಚೀಟಿ ಓದುತ್ತದೆ. ಟಿವಿಗೆ ಬೇರೆ ಪ್ರತಿ ಮಾಡಿ, ಪಿಕ್ಸೆಲ್ ನಿಲ್ಲಿಸಿ, ಪೆನ್‌ಡ್ರೈವಿಗೆ ಹಾಕಿದೆ. ಭಾನುವಾರ ಮತ್ತೆ ಎಲ್ಲರೂ ಸೋಫಾದಲ್ಲಿ ಕೂತರು. ಅಜ್ಜಿ ನಿಂತೇ ಬಂದರು, ತೋರಣವೂ ಮೇಲೇ ಇತ್ತು, ಯಾರೂ ಕತ್ತು ವಾಲಿಸಲಿಲ್ಲ. ದೊಡ್ಡಪ್ಪ ಮಾತ್ರ ತಮ್ಮ ಫೋಟೊ ಬಂದಾಗ ಕನ್ನಡಕ ಸರಿಮಾಡಿಕೊಂಡು, "ಎರಡೂ ಕಡೆ ಇಷ್ಟಿಷ್ಟು ಕಪ್ಪು ಯಾಕಪ್ಪಾ ಬಿಟ್ಟಿದ್ದೀಯ?" ಅಂತ ಕೇಳಿದರು. 1920 ಅಗಲ, 1080 ಎತ್ತರದ ಟಿವಿಯಲ್ಲಿ ಉದ್ದ ಫೋಟೊಗೆ ಸಿಗುವುದು ನಡುವಿನ 720 ಪಿಕ್ಸೆಲ್ ಅಗಲ ಮಾತ್ರ, ಆಚೆ 600 ಈಚೆ 600 ಖಾಲಿ. ಟಿವಿಯನ್ನು ಗೋಡೆಗೆ ಅಡ್ಡ ಹೊಡೆದಿದ್ದಾರೆ ದೊಡ್ಡಪ್ಪಾ, ಅದನ್ನು ತಿರುಗಿಸಲು ಕಾರ್ಪೆಂಟರ್ ಬರಬೇಕು ಅಂದೆ.